ಗಟ್ಟಿಗಿತ್ತಿಯ ಸುಸ್ತು

ಗಟ್ಟಿಗಿತ್ತಿ ಎಂಬ ಹೆಸರು ಅವಳಿಗೆ ಬಂದದ್ದು ಇಸ್ತ್ರಿಪೆಟ್ಟಿಗೆಯಿಂದ. ಕೆಂಡ ತುಂಬಿದ ಆ ಪೆಟ್ಟಿಗೆಯನ್ನು ಲಾಂಡ್ರಿಯ ಬೇರೆ ಹೆಂಗಸರು ಎರಡೂ ಕೈಯಲ್ಲಿ ಹಿಡಿದು, ಉಸ್ಸಪ್ಪಾ ಎಂದು ಎತ್ತಿ ಮೇಜಿನ ಮೇಲಿಡುತ್ತಿದ್ದರು. ಇವಳು ಒಂದು ಕೈಯಲ್ಲಿ ಅದನ್ನು ಎತ್ತಿ, ಇನ್ನೊಂದು ಕೈಯಲ್ಲಿ ಬಟ್ಟೆಯ ಸುಕ್ಕು ಬಿಡಿಸುತ್ತ, ಪಕ್ಕದವಳ ಮಾತಿಗೆ ಉತ್ತರವನ್ನೂ ಕೊಡುತ್ತಿದ್ದಳು. ಹರೆಯದಲ್ಲಿ ಹಾಗಿದ್ದಳು ಅಂದರೆ ಯಾರಾದರೂ ನಂಬುತ್ತಾರೆ. ಕೂದಲು ಅರ್ಧ ಬೆಳ್ಳಗಾದ ಮೇಲೂ ಹಾಗೇ ಇದ್ದಳು. ಕಟ್ಟಿಕೊಂಡ ಗಂಡ ಯಾವತ್ತೋ ತನ್ನ ದಾರಿ ತಾನು ನೋಡಿಕೊಂಡಿದ್ದ. ಅವನು ಹೋದ ಮರುದಿನವೂ ಅವಳು ಎಂದಿನ ಹೊತ್ತಿಗೇ ಕೆಲಸಕ್ಕೆ ಬಂದಿದ್ದಳಂತೆ. ಅದನ್ನು ಹೇಳುವಾಗ ಹೆಂಗಸರ ದನಿಯಲ್ಲಿ ಮೆಚ್ಚುಗೆ ಇರುತ್ತಿತ್ತು. ಪಾಪ ಅನ್ನಿಸಬೇಕಾದ ಕಡೆಯಲ್ಲೆಲ್ಲ ಭೇಷ್ ಅನ್ನಿಸಿಕೊಂಡು ಬದುಕಿದ ಹೆಂಗಸು ಅವಳು.

ಲಾಂಡ್ರಿ ಎಂದರೆ ಒಂದು ಉದ್ದನೆಯ ಹಜಾರ. ಒಂದು ತುದಿಯಲ್ಲಿ ಒಲೆಗಳು, ಇನ್ನೊಂದು ತುದಿಯಲ್ಲಿ ಒದ್ದೆ ಬಟ್ಟೆಯ ಗುಡ್ಡ, ನಡುವೆ ಸಾಲಾಗಿ ಮೇಜುಗಳು. ಆಸ್ಪತ್ರೆಯ ದಿಂಬಿನ ಚೀಲ, ಹೋಟೆಲಿನ ಹಾಸುಬಟ್ಟೆ, ದೊಡ್ಡ ಮನುಷ್ಯರ ಗಂಜಿ ಹಾಕಿದ ಅಂಗಿ, ಎಲ್ಲವೂ ಅಲ್ಲಿಗೇ ಬರಬೇಕು. ಬೂದಿ ಹಾರಿ ಬಿಳಿ ಬಟ್ಟೆಯ ಮೇಲೆ ಕೂರುತ್ತದೆಂದು ಕಿಟಕಿ ತೆಗೆಯುವಂತಿರಲಿಲ್ಲ. ಕೂತರೆ ಪೆಟ್ಟಿಗೆಯ ಮೇಲೆ ಭಾರ ಬೀಳುವುದಿಲ್ಲವೆಂದು ಕೂರುವಂತೆಯೂ ಇರಲಿಲ್ಲ. ಬೆಳಗ್ಗೆ ನಿಂತ ಹೆಂಗಸರು ದೀಪ ಹಚ್ಚುವ ಹೊತ್ತಿಗೆ ಕಾಲು ಎಳೆದುಕೊಂಡು ಮನೆಗೆ ಹೋಗುತ್ತಿದ್ದರು.

ಇಲ್ಲಿ ಮೇಸ್ತ್ರಿಯ ಒಂದು ಅಭ್ಯಾಸವನ್ನು ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಹಾಳಾದದ್ದು ಅದರಿಂದಲೇ. ದಿನವೂ ಮಧ್ಯಾಹ್ನ ಇಳಿಯುವ ಹೊತ್ತಿಗೆ ಆತ ಮೇಜುಗಳ ನಡುವೆ ನಡೆದು ಬರುತ್ತ, ಮದುವೆಮನೆಯಲ್ಲಿ ಊಟ ಆಯಿತಾ ಎಂದು ವಿಚಾರಿಸುವವನ ಹಾಗೆ ನಗುನಗುತ್ತ ಕೇಳುತ್ತಿದ್ದ: "ಏನ್ರಮ್ಮಾ, ಯಾರಿಗಾದ್ರೂ ಸುಸ್ತಾಯ್ತಾ?" ಹೊಸದಾಗಿ ಸೇರಿದ ಯಾವಳಾದರೂ ಹೌದು ಅಂದಳೋ, "ಅಯ್ಯೋ ಪಾಪ, ಮನೆಗೆ ಹೋಗಿ ಮಲಗಮ್ಮ" ಎಂದು ಅಕ್ಕರೆಯಿಂದ ಕಳಿಸಿಕೊಡುತ್ತಿದ್ದ. ಮಾರನೆಯ ದಿನ ಅವಳ ಮೇಜಿನ ಮುಂದೆ ಬೇರೊಬ್ಬಳು ನಿಂತಿರುತ್ತಿದ್ದಳು. ಹೀಗೆ ಆ ಹಜಾರದಲ್ಲಿ ಸುಸ್ತು ಎಂಬ ಮಾತೇ ಯಾರ ಬಾಯಲ್ಲೂ ಬರದಂತಾಯಿತು. ಮೇಸ್ತ್ರಿ ಕೇಳುವುದು, ಹೆಂಗಸರೆಲ್ಲ ಒಂದೇ ದನಿಯಲ್ಲಿ "ಇಲ್ಲ" ಅನ್ನುವುದು, ಇದು ಗಡಿಯಾರ ಹೊಡೆಯುವಷ್ಟೇ ಸಹಜವಾಗಿ ನಡೆಯುತ್ತಿತ್ತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಅನ್ನುತ್ತಿದ್ದವಳು ಗಟ್ಟಿಗಿತ್ತಿ.

ಅವಳ ಪಕ್ಕದ ಮೇಜು ತಂಗಿಯದು. ತಂಗಿ ಅಂದರೆ ಹೆಸರಿಗೆ ತಂಗಿ; ಎತ್ತಿ ಆಡಿಸಿ, ತುತ್ತು ತಿನ್ನಿಸಿ ಸಾಕಿದ್ದು ಅಕ್ಕನೇ. ಹಿಂದಿನ ಚಳಿಗಾಲದಲ್ಲಿ ಬಂದ ಜ್ವರ ಆ ಹುಡುಗಿಯ ಎದೆಯಲ್ಲಿ ಏನನ್ನೋ ಕಿತ್ತುಕೊಂಡು ಹೋಗಿತ್ತು. ಬೆಳಗ್ಗೆ ಚೆನ್ನಾಗಿಯೇ ಇರುತ್ತಿದ್ದಳು. ಮಧ್ಯಾಹ್ನ ದಾಟಿತೆಂದರೆ ತುಟಿ ಬಿಳಚಿಕೊಂಡು, ಮೇಜಿನ ಅಂಚು ಹಿಡಿದು ನಿಲ್ಲುತ್ತಿದ್ದಳು. ಒಂದು ದಿನ ಹಿಡಿದ ಅಂಚು ಕೈಬಿಟ್ಟು ಹೋಗಿ ನೆಲಕ್ಕೆ ಬಿದ್ದಳು. ಗಟ್ಟಿಗಿತ್ತಿ ಅವಳ ಮುಖಕ್ಕೆ ನೀರು ತಟ್ಟುತ್ತಿರುವಾಗ ಮೇಸ್ತ್ರಿ ಬಂದು ನಿಂತ. "ಇನ್ನೊಂದು ಸಲ ಹೀಗಾದ್ರೆ ನಾನೇನೂ ಮಾಡೋಕಾಗಲ್ಲ, ನೋಡಮ್ಮ" ಎಂದ. ಆ ಮನುಷ್ಯ ಏನೂ ಮಾಡಲಾರೆ ಎನ್ನುವಾಗಲೇ ಎಲ್ಲ ಮಾಡಿ ಮುಗಿಸಿರುತ್ತಿದ್ದ.

ಅಂದಿನಿಂದ ಹೆಂಗಸರಲ್ಲಿ ಗುಸುಗುಸು ಶುರುವಾಯಿತು. ಮಧ್ಯಾಹ್ನ ಊಟದ ಮೇಲೆ ಅರ್ಧ ಗಂಟೆ ನೆಲದ ಮೇಲೆ ಅಡ್ಡಾಗಲು ಬಿಟ್ಟರೆ ಸಾಕು, ಬೇರೇನೂ ಬೇಡ. ಮುಂದೆ ನಿಂತು ಲಾಂಡ್ರಿಯ ಯಜಮಾನರ ಹತ್ತಿರ ಮಾತಾಡಿದವಳು ವಟವಟ ಎಂದೇ ಎಲ್ಲರೂ ಕರೆಯುತ್ತಿದ್ದ ಒಬ್ಬ ಬಾಯಿಬಡುಕಿ. ಹಜಾರದಲ್ಲಿ ಯಾವ ಮಾತೂ ಅವಳನ್ನು ದಾಟಿ ಹೋಗುವಂತಿರಲಿಲ್ಲ. ಯಜಮಾನರು ಆಗಲಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಸುಸ್ತಾಗತ್ತೆ ಅಂತೀರಿ. ಮೇಸ್ತ್ರಿ ದಿನಾ ಕೇಳ್ತಾನೆ, ಇಲ್ಲ ಅಂತೀರಿ. ನಾನು ಯಾವುದನ್ನ ನಂಬ್ಲಿ?" ಎಂದರು. ಮಾತೇನೋ ಸರಿಯಾಗಿಯೇ ಇತ್ತು. ಹೆಂಗಸರು ತಂತಮ್ಮ ಮೇಜಿಗೆ ಮರಳಿದರು.

ಯಜಮಾನರ ಅಂಗಿಗಳ ಜೊತೆಗೆ ಅದೇ ಲಾಂಡ್ರಿಗೆ ಒಬ್ಬ ಕಾಲೇಜು ಮೇಷ್ಟ್ರ ಅಂಗಿಗಳೂ ಬರುತ್ತಿದ್ದವು. ತೋಳಿನ ತುದಿಯಲ್ಲಿ ಯಾವಾಗಲೂ ಮಸಿ. ಎಷ್ಟು ಒಗೆದರೂ ಹೋಗದ ಆ ಮಸಿಯನ್ನು ಹೆಂಗಸರು ಬಾಯ್ತುಂಬ ಬೈಯುತ್ತಿದ್ದರು. ಆ ಮಸಿ ಎಲ್ಲಿಂದ ಬರುತ್ತದೆಂದು ಅವರಿಗೆ ಗೊತ್ತಾದದ್ದು ಆಮೇಲೆ.

ಮನಸ್ಸನ್ನು ಅಳೆಯುವ ಶಾಸ್ತ್ರ ಆಗಿನ್ನೂ ಕಣ್ಣು ಬಿಡುತ್ತಿದ್ದ ಕಾಲ. ಅದುವರೆಗೆ ಮನಸ್ಸೆಂದರೆ ತತ್ವಶಾಸ್ತ್ರದವರ ಆಸ್ತಿ. ಒಳ್ಳೆಯ ಕುರ್ಚಿಯಲ್ಲಿ ಕೂತು, ಕಣ್ಣುಮುಚ್ಚಿ ಯೋಚಿಸಿ, ದಪ್ಪ ದಪ್ಪ ಪುಸ್ತಕ ಬರೆಯಬೇಕಾದ ವಿಷಯ. ಅದನ್ನು ಗಡಿಯಾರ, ತೂಕದ ಬಟ್ಟು, ವಿದ್ಯುತ್ತಿನ ತಂತಿ ಇಟ್ಟುಕೊಂಡು ಅಳೆಯಬಹುದು ಎನ್ನುವ ಕೆಲವರು ಅಲ್ಲೊಬ್ಬರು ಇಲ್ಲೊಬ್ಬರು ಆಗಷ್ಟೇ ತಲೆ ಎತ್ತಿದ್ದರು. ನಮ್ಮ ಮೇಷ್ಟ್ರು ಅಂಥವರಲ್ಲಿ ಒಬ್ಬರು. ಮುರಿದ ಬೆಂಚು ತುಂಬಿಡುತ್ತಿದ್ದ ಎರಡು ಕೋಣೆಗಳನ್ನು ಕಾಲೇಜು ಅವರಿಗೆ ಕೊಟ್ಟು ಕೈತೊಳೆದುಕೊಂಡಿತ್ತು. ದೀಪ ಕಂಡದ್ದಕ್ಕೂ ಬೆರಳು ಗುಂಡಿ ಒತ್ತುವುದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆ, ಕೈಯಲ್ಲಿರುವ ಎರಡು ತೂಕಗಳಲ್ಲಿ ಎಷ್ಟು ವ್ಯತ್ಯಾಸವಿದ್ದರೆ ಮನಸ್ಸಿಗೆ ತಿಳಿಯುತ್ತದೆ, ಇವೇ ಅಲ್ಲಿ ಹಗಲೆಲ್ಲ ನಡೆಯುತ್ತಿದ್ದ ಕೆಲಸ. ಮೇಷ್ಟ್ರ ಕಣ್ಣನ್ನು ಶಿಷ್ಯರು ಅಳೆಯುವರು, ಶಿಷ್ಯರ ಕಿವಿಯನ್ನು ಮೇಷ್ಟ್ರು ಅಳೆಯುವರು. ಭೌತಶಾಸ್ತ್ರದವರು ಇದು ವಿಜ್ಞಾನವೇ ಅಲ್ಲ ಎಂದು ಮೂಗು ಮುರಿಯುತ್ತಿದ್ದರು. ತತ್ವಶಾಸ್ತ್ರದವರು ಇದು ಗಡಿಯಾರ ರಿಪೇರಿ ಅಂಗಡಿ ಎಂದು ನಗುತ್ತಿದ್ದರು. ತವರಿನವರೂ ಕರೆಯದ, ಅತ್ತೆಮನೆಯವರೂ ಸೇರಿಸದ ಸೊಸೆಯ ಹಾಗೆ ಆ ಶಾಸ್ತ್ರ ಎರಡು ಕೋಣೆಗಳಲ್ಲಿ ಕೂತಿತ್ತು. ಇದಕ್ಕೊಂದು ಸ್ವತಂತ್ರ ವಿಭಾಗ ಕೊಡಬೇಕೋ, ಬಾಗಿಲು ಮುಚ್ಚಬೇಕೋ ಎಂದು ಕಾಲೇಜಿನ ಸಮಿತಿ ಸದ್ಯದಲ್ಲೇ ತೀರ್ಮಾನಿಸುವುದಿತ್ತು. ಇದರಿಂದ ಲೋಕಕ್ಕೆ ಏನುಪಯೋಗ ಎಂದು ತೋರಿಸಿ ಎಂದು ಅವರು ಮೇಷ್ಟ್ರ ಕುತ್ತಿಗೆಯ ಮೇಲೆ ಕೂತಿದ್ದರು.

ಆಗ ಮೇಷ್ಟ್ರಿಗೆ ಹೊಳೆದದ್ದು ಸುಸ್ತು. ಸುಸ್ತನ್ನು ಅಳೆಯುವ ಯಂತ್ರವೊಂದು ಅವರ ಬಳಿ ಇತ್ತು. ಅಂಗಿ ತರಿಸಿಕೊಳ್ಳುವ ನೆಪದಲ್ಲಿ ಯಜಮಾನರ ಹತ್ತಿರ ಮಾತಿಗೆ ಕೂತು, ನಿಮ್ಮ ಕೆಲಸದವರನ್ನು ಒಮ್ಮೆ ಕಳಿಸಿ ಎಂದರು. ಯಜಮಾನರಿಗೂ ಅದು ಸರಿಹೋಯಿತು. "ಬಾಯಿ ಮಾತು ಬೇಡ. ಯಂತ್ರ ಸುಸ್ತು ಅಂದ್ರೆ ಅರ್ಧ ಗಂಟೆ ಕೊಡ್ತೀನಿ. ಇಲ್ಲ ಅಂದ್ರೆ ಇನ್ನು ಈ ಮಾತು ಎತ್ತಬಾರದು" ಎಂದು ಹೆಂಗಸರಿಗೆ ಹೇಳಿ ಕಳಿಸಿದರು.

ಯಾರು ಹೋಗಬೇಕು? ತಂಗಿ ಹೋಗಲಿ ಎಂದು ಕೆಲವರು ಅಂದರು. ವಟವಟ ಒಪ್ಪಲಿಲ್ಲ. "ಇವಳು ಹೋದ್ರೆ ಕಾಯಿಲೆಯವಳು ಅಂತಾರೆ. ಗಟ್ಟಿಗಿತ್ತೀನ ಕಳ್ಸೋಣ. ಅವಳಿಗೇ ಸುಸ್ತಾಗತ್ತೆ ಅಂತ ಗೊತ್ತಾದ್ರೆ ನಮ್ಮ ಗತಿ ಏನು ಅಂತ ಅವ್ರಿಗೇ ಅರ್ಥ ಆಗಲ್ವಾ?" ಎಂದಳು. ಎಲ್ಲರೂ ತಲೆದೂಗಿದರು. ತಪ್ಪು ಆದದ್ದು ಅಲ್ಲೇ, ಆದರೆ ಆ ಹೊತ್ತಿನಲ್ಲಿ ನಾನಿದ್ದರೂ ತಲೆದೂಗುತ್ತಿದ್ದೆ.

ಮೊದಲ ಸಲ ಬೆಳಗ್ಗೆ, ಕೆಲಸಕ್ಕೆ ಮುಂಚೆ ಅವಳನ್ನು ಕರೆಸಿದರು. ಕೋಣೆಯ ತುಂಬ ಹಿತ್ತಾಳೆ ಚಕ್ರಗಳು, ತಂತಿಗಳು, ಗಾಜಿನ ಬುರುಡೆಗಳು. ಮೇಷ್ಟ್ರು ಬಡಕಲು ಮನುಷ್ಯ, ನಿದ್ದೆಗೆಟ್ಟ ಕಣ್ಣು. ಅವಳನ್ನು ಕಂಡವರೇ ಎದ್ದು ನಿಂತರು. ತನ್ನನ್ನು ಕಂಡು ಒಬ್ಬ ಗಂಡಸು ಎದ್ದು ನಿಂತದ್ದು ಅವಳಿಗೆ ಹೊಸದು. ಹಿಂದೆ ಬೇರೆ ಯಾರಾದರೂ ಬಂದರೇನೋ ಎಂದು ತಿರುಗಿ ನೋಡಿದಳು. ಅವಳ ಮುಂಗೈಯನ್ನು ಮೇಜಿನ ಮೇಲೆ ಚರ್ಮದ ಪಟ್ಟಿಯಲ್ಲಿ ಬಿಗಿದರು. ನಡುಬೆರಳಿಗೊಂದು ಉಂಗುರ, ಉಂಗುರಕ್ಕೆ ದಾರ, ದಾರ ಒಂದು ರಾಟೆಯ ಮೇಲಿಂದ ಇಳಿದು ತುದಿಯಲ್ಲಿ ಒಂದು ತೂಕದ ಗುಂಡು. ಬೆರಳು ಮಡಿಸಿದರೆ ಗುಂಡು ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಗುಂಡು ಎಷ್ಟು ಎತ್ತರ ಏರಿತು ಎಂಬುದನ್ನು ಒಂದು ಮುಳ್ಳು ಮಸಿ ಹಿಡಿಸಿದ ಕಾಗದದ ಮೇಲೆ ಗೀಚುತ್ತ ಹೋಗುತ್ತದೆ. ಸುಸ್ತಾಗುತ್ತ ಬಂದ ಹಾಗೆ ಗೆರೆಗಳು ಗಿಡ್ಡವಾಗುತ್ತ ಬಂದು ನಿಂತುಹೋಗುತ್ತವೆ.

"ನೋಡಮ್ಮ, ಆ ಗಡಿಯಾರದ ಟಿಕ್ ಟಿಕ್ ತಾಳಕ್ಕೆ ಸರಿಯಾಗಿ ಎಳೀಬೇಕು. ನಿಮ್ಮ ಕೈಲಿ ಆಗೋವರೆಗೂ ಎಳೀರಿ, ಆಗಲ್ಲ ಅನ್ನಿಸಿದಾಗ ಬಿಟ್ಬಿಡಿ" ಎಂದರು ಮೇಷ್ಟ್ರು.

ಅವಳು ಎಳೆದಳು. ಅಪರಿಚಿತ ಜಾಗ, ನಾಚಿಕೆ, ಗಂಡಸರೆಲ್ಲ ಸುತ್ತ ನಿಂತು ಒಂದು ಬೆರಳನ್ನೇ ನೋಡುತ್ತಿದ್ದಾರೆ. ಬೆರಳು ನೋಯತೊಡಗಿದ ಕೂಡಲೇ ಬಿಟ್ಟುಬಿಟ್ಟಳು. ಸರಿ, ಸಂಜೆ ಕೆಲಸ ಮುಗಿಸಿ ಮತ್ತೆ ಬನ್ನಿ ಎಂದರು.

ಸಂಜೆ ಬಂದಾಗ ಅವಳ ಕಾಲು ಅವಳದಾಗಿ ಉಳಿದಿರಲಿಲ್ಲ. ಅವತ್ತು ಹೋಟೆಲಿನ ಹಾಸುಬಟ್ಟೆಯ ದಿನ, ಭುಜ ಕಿತ್ತು ಬರುವಂತಿತ್ತು. ಮತ್ತೆ ಅದೇ ಪಟ್ಟಿ, ಅದೇ ಉಂಗುರ. ಆದರೆ ಈ ಸಲ ಮೇಷ್ಟ್ರು ಕೈಯಲ್ಲಿ ಗಡಿಯಾರ ಹಿಡಿದು ಅವಳ ಪಕ್ಕದಲ್ಲೇ ನಿಂತರು, ಮಧ್ಯಾಹ್ನ ಇಳಿಯುವಾಗ ಮೇಸ್ತ್ರಿ ನಿಲ್ಲುತ್ತಿದ್ದ ಕಡೆಯಲ್ಲೇ. ಅಷ್ಟು ಸಾಕಾಯಿತು. ಬೆರಳು ನೋಯತೊಡಗಿತು, ಹಲ್ಲು ಕಚ್ಚಿ ಎಳೆದಳು. ಉರಿಯತೊಡಗಿತು, ಎಳೆದಳು. ಇಷ್ಟು ವರ್ಷ ಹೇಗೆ ಎಳೆದಳೋ ಹಾಗೇ. ಮುಳ್ಳು ಬೆಳಗಿನ ಗೆರೆಗಳನ್ನು ದಾಟಿ, ಶಿಷ್ಯರು ಹಿಂದೆ ಎಳೆದಿದ್ದ ಗೆರೆಗಳನ್ನು ದಾಟಿ, ಕಾಗದ ಮುಗಿಯುವ ತನಕ ಗೀಚುತ್ತಲೇ ಹೋಯಿತು. ಶಿಷ್ಯರು ಮುಖ ಮುಖ ನೋಡಿಕೊಂಡರು.

"ಸುಸ್ತಾಯ್ತೇನಮ್ಮ?" ಎಂದು ಮೇಷ್ಟ್ರು ಕೇಳಿದರು.

"ಇಲ್ಲ ಸಾರ್" ಎಂದಳು. ಅವರ ಪ್ರಶ್ನೆ ಪೂರ್ತಿ ಮುಗಿದೂ ಇರಲಿಲ್ಲ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವಳಿಗೆ ತಾನು ಯಾತಕ್ಕೆ ಬಂದಿದ್ದೆ ಎಂಬುದು ನೆನಪಾಯಿತು. ತಿರುಗಿ ಹೋಗಿ ಹೇಳೋಣವೆಂದರೆ ಆ ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ಗೋಡೆ ಹಿಡಿದುಕೊಂಡೇ ಉಳಿದ ಮೆಟ್ಟಿಲಿಳಿದು ಮನೆಗೆ ಹೋದಳು.

ಯಜಮಾನರು ಆ ಮಸಿ ಕಾಗದಕ್ಕೆ ಗಾಜು ಹಾಕಿಸಿ ಲಾಂಡ್ರಿಯ ಗೋಡೆಗೆ ತೂಗುಹಾಕಿಸಿದರು. ಬೆಳಗಿನ ಗೆರೆ ಗಿಡ್ಡ, ಸಂಜೆಯ ಗೆರೆ ಉದ್ದ. "ನೋಡಿ, ಕೆಲಸ ಮಾಡ್ತಾ ಮಾಡ್ತಾ ನಿಮಗೆ ಶಕ್ತಿ ಬರತ್ತೆ. ವಿಜ್ಞಾನ ಹೇಳ್ತಿದೆ, ನಾನಲ್ಲ" ಎಂದು ನಕ್ಕರು. ಅವರು ಹೋದ ಕೂಡಲೇ ವಟವಟಳ ಬಾಯಿ ತೆರೆಯಿತು.

"ನಿನ್ನ ಬೆರಳು ಸೇದಿಹೋಗ! ಒಂದು ದಿನ, ಒಂದೇ ಒಂದು ದಿನ ಕೈ ಬಿಡೋಕೆ ಆಗ್ಲಿಲ್ವೇನೇ ನಿನಗೆ? ಯಾರಿಗೆ ತೋರಿಸ್ಬೇಕಿತ್ತು ನಿನ್ನ ಪೌರುಷನ? ಹತ್ತಿರ ಬಾ, ಎಲ್ರೂ ಸೇರಿ ಹಾರ ಹಾಕ್ತೀವಿ!"

ಗಟ್ಟಿಗಿತ್ತಿ ಮುಂದಿನ ಅಂಗಿ ಎಳೆದುಕೊಂಡಳು. ಯಾರು ಬೈದರೂ ತಡೆದುಕೊಳ್ಳುತ್ತಿದ್ದಳು. ತಂಗಿ ಮಾತ್ರ ಏನೂ ಅನ್ನದೆ ತನ್ನ ಮೇಜಿನ ಅಂಗಿಯ ಕಾಲರನ್ನು ತೀಡುತ್ತ ಇದ್ದಳು. ಅದನ್ನು ತಡೆದುಕೊಳ್ಳಲು ಅಕ್ಕನಿಗೆ ಆಗಲಿಲ್ಲ.

ಮನೆ ಎಂದರೆ ಒಂದೇ ಕೋಣೆ, ಒಂದು ಮಂಚ, ಬೀದಿಗೆ ತೆರೆಯುವ ಒಂದು ಕಿಟಕಿ. ಸಂಜೆ ತಂಗಿ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಕಣಕಾಲು ಊದಿಕೊಂಡು ಚರ್ಮ ಮಿರಿಮಿರಿ ಹೊಳೆಯುತ್ತಿತ್ತು. ಅಕ್ಕ ನೆಲದ ಮೇಲೆ ಕೂತು ಆ ಕಾಲು ನೀವುತ್ತ ಅಂದಳು:

"ಬೈಯೇ. ನೀನೂ ಒಂದು ಮಾತು ಬೈದುಬಿಡು."

"ಬೈದ್ರೆ ಏನು ಬಂತಕ್ಕ. ನನಗೆ ಒಂದೇ ವಿಷಯ ತಿಳ್ಕೋಬೇಕು. ನಿನಗೆ ನಿಜವಾಗ್ಲೂ ಸುಸ್ತಾಗಲ್ವಾ?"

ಅಕ್ಕ ಬಾಯಿ ತೆರೆದಳು. ಆಗುತ್ತದೆ ಎಂದು ಹೇಳಬೇಕು, ಅಷ್ಟೇ. ಎದುರಿಗಿರುವುದು ಮೇಸ್ತ್ರಿಯಲ್ಲ, ತಾನೇ ಸಾಕಿದ ಮಗು. ಆದರೂ ಹೇಳಲಾಗಲಿಲ್ಲ. ಒಂದು ಸಲ ಹೇಳಿಬಿಟ್ಟರೆ ಇಷ್ಟು ವರ್ಷ ನಿಂತ ಕಾಲು ಆ ಕ್ಷಣವೇ ಕುಸಿಯುತ್ತದೆ, ಆಮೇಲೆ ಈ ಮನೆಯನ್ನು ಯಾರು ನಡೆಸುತ್ತಾರೆ ಎಂಬ ಭಯ ಅದು. "ಅದೆಲ್ಲ ಯಾಕೀಗ, ನೀರು ಆರ್ತಿದೆ ನೋಡು" ಎಂದು ಎದ್ದು ಹೋದಳು. ತಂಗಿ ಬೆನ್ನಿಗೆ ಹೇಳಿದಳು: "ನಿನಗಾಗಲ್ಲ ಅಂದ್ರೆ ನನ್ನದು ಬರೀ ಸೋಮಾರಿತನ ಅಂತಾಯ್ತು, ಅಲ್ವಾಕ್ಕ." ಆ ಮಾತು ಅಕ್ಕನ ಎದೆಯಲ್ಲಿ ನೆಟ್ಟುಕೊಂಡಿತು.

ಪುಣ್ಯಕ್ಕೆ ಮೇಷ್ಟ್ರಿಗೂ ಆ ಕಾಗದ ನುಂಗಲಾರದ ತುತ್ತಾಗಿತ್ತು. ಹಗಲೆಲ್ಲ ದುಡಿದವಳು ಸಂಜೆ ಇನ್ನಷ್ಟು ಬಲವಾಗುತ್ತಾಳೆಂದರೆ ಯಂತ್ರ ಸುಳ್ಳಾಗಬೇಕು, ಇಲ್ಲ ತಾನು ಸುಳ್ಳಾಗಬೇಕು. ಎರಡರಲ್ಲಿ ಯಾವುದಾದರೂ ಸಮಿತಿಗೆ ಬಾಗಿಲು ಮುಚ್ಚಿಸಲು ಒಳ್ಳೆಯ ನೆಪವೇ. ಇನ್ನೊಮ್ಮೆ ಕಳಿಸಿಕೊಡಿ ಎಂದು ಯಜಮಾನರನ್ನು ಬೇಡಿಕೊಂಡರು. ಗೆದ್ದವರ ಉದಾರತನದಲ್ಲಿ ಅವರು ಒಪ್ಪಿದರು.

ಈ ಸಲ ಹೆಂಗಸರು ಸುಮ್ಮನೆ ಬಿಡಲಿಲ್ಲ. ಊಟದ ಹೊತ್ತಿನಲ್ಲಿ ಗಟ್ಟಿಗಿತ್ತಿಯನ್ನು ನಡುವೆ ನಿಲ್ಲಿಸಿಕೊಂಡು ಸುಸ್ತಾಗುವುದನ್ನು ಕಲಿಸಲು ಶುರುಮಾಡಿದರು. "ಹೀಗೆ ಉಸಿರು ಬಿಡ್ಬೇಕು, ಹಾ... ಅಂತ." "ಕುತ್ತಿಗೆ ಒಂದು ಕಡೆ ವಾಲಿಸು." "ಸ್ವಲ್ಪ ನರಳೇ, ನರಳೋಕೂ ದಾಕ್ಷಿಣ್ಯನಾ?" ವಟವಟ ಸ್ವತಃ ಇಸ್ತ್ರಿಪೆಟ್ಟಿಗೆ ಹಿಡಿದು ತೋರಿಸಿ, ನಾಟಕದ ರಾಣಿ ಸಾಯುವ ಹಾಗೆ ಮೇಜಿನ ಮೇಲೆ ಒರಗಿದಳು. ಇವಳು ನರಳಿದರೆ ಯಾರನ್ನೋ ಗದರಿಸಿದ ಹಾಗೆ ಕೇಳುತ್ತಿತ್ತು. ಕುತ್ತಿಗೆ ವಾಲಿಸಿದರೆ ಪಕ್ಕದ ಮೇಜಿನಲ್ಲಿ ಸುಕ್ಕು ಹುಡುಕಿದ ಹಾಗೆ ಕಾಣುತ್ತಿತ್ತು. ಕಡೆಗೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ತಂಗಿಯೂ ನಕ್ಕಳು. ಮೈತುಂಬ ಸುಸ್ತು ಹೊತ್ತ ಹೆಂಗಸಿಗೆ ಸುಸ್ತಿನ ವೇಷ ಹಾಕಲು ಬಾರದೆ ಹೋಯಿತು. ನನಗೆ ಅದನ್ನು ನೆನೆದರೆ ಇಂದಿಗೂ ನಗು ಬರುವುದಿಲ್ಲ.

ಸಂಜೆ ಅವಳು ಹೋದಾಗ ಕೋಣೆಯಲ್ಲಿ ಶಿಷ್ಯರು ಮಾತ್ರ ಇದ್ದರು. ಮೇಷ್ಟ್ರನ್ನು ಸಮಿತಿಯವರು ಮಹಡಿಗೆ ಕರೆಸಿಕೊಂಡಿದ್ದರು. ಬರುವವರೆಗೂ ಇಲ್ಲೇ ಇರಿ ಎಂದು ಶಿಷ್ಯನೊಬ್ಬ ಅವಳ ಕೈಯನ್ನು ಪಟ್ಟಿಯಲ್ಲಿ ಬಿಗಿದು, ಬೆರಳಿಗೆ ಉಂಗುರ ತೊಡಿಸಿಟ್ಟ. ಒರಗು ಇರುವ ಕುರ್ಚಿ. ಹಿಂದಿನ ಸಲ ಅವಳು ಅದಕ್ಕೆ ಒರಗಿರಲೇ ಇಲ್ಲ, ತುದಿಯಲ್ಲಿ ಕೂತಿದ್ದಳು. ಈಗ ಕಾದೂ ಕಾದೂ ಬೆನ್ನು ತಾನಾಗಿ ಹಿಂದಕ್ಕೆ ಹೋಯಿತು. ಸುಸ್ತಾಗಬೇಕು, ಸುಸ್ತಾಗಬೇಕು, ತಂಗಿಗಾಗಿ ಇದೊಂದು ಸಲ ಸುಸ್ತಾಗಲೇಬೇಕು ಎಂದು ಮನಸ್ಸಿನಲ್ಲೇ ಜಪ ಮಾಡುತ್ತ ಅವಳು ನಿದ್ದೆ ಹೋದಳು.

ಮೇಷ್ಟ್ರು ಬಂದಾಗ ಅವಳ ಬಾಯಿ ಅರೆತೆರೆದಿತ್ತು, ಬೆರಳಲ್ಲಿ ಉಂಗುರ ಹಾಗೇ ಇತ್ತು. ಎಬ್ಬಿಸಲು ಹೋದ ಶಿಷ್ಯನನ್ನು ಕೈಸನ್ನೆಯಲ್ಲೇ ತಡೆದರು. ಸಮಿತಿಯವರು ಅವರನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸಿದ್ದರು; ಅವರೂ ಎದುರಿನ ಸ್ಟೂಲಿನ ಮೇಲೆ ಕುಸಿದು ತಲೆ ಹಿಡಿದುಕೊಂಡು ಕೂತರು. ಸುಸ್ತನ್ನು ಅಳೆಯುವ ಆ ಕೋಣೆಯಲ್ಲಿ ಇಬ್ಬರು ಸುಸ್ತಾದವರು ಎದುರುಬದುರು ಇದ್ದರು, ಯಂತ್ರ ಸುಮ್ಮನೆ ನಿಂತಿತ್ತು.

ಎಚ್ಚರವಾದಾಗ ಅವಳು ಬೆಚ್ಚಿಬಿದ್ದಳು. ಮೊದಲು ಕಂಡದ್ದು ಮೇಷ್ಟ್ರ ಮುಖ. "ಇಲ್ಲ ಸಾರ್, ಸುಸ್ತಲ್ಲ ಸಾರ್, ಸುಮ್ನೆ ಕಣ್ಣು ಮುಚ್ಚಿದ್ದೆ ಅಷ್ಟೇ! ಶುರುಮಾಡಿ ಸಾರ್!" ಎಂದು ತಾಳಕ್ಕೂ ಕಾಯದೆ ಎಳೆಯತೊಡಗಿದಳು. ಗಾಬರಿಯಲ್ಲಿ ವಟವಟಳ ಪಾಠವೆಲ್ಲ ಮರೆತುಹೋಗಿತ್ತು. ಶಿಷ್ಯ ಓಡಿಹೋಗಿ ಕಾಗದದ ಉರುಳೆಯನ್ನು ತಿರುಗಿಸಿದ. ಮುಳ್ಳು ಹಿಂದಿನ ಎಲ್ಲ ಗೆರೆಗಳನ್ನೂ ಮೀರಿ ಏರಿತು. ಮುಗಿದ ಮೇಲೆ ಅವಳು ಆ ಕಾಗದ ನೋಡಿದಳು. ಅದನ್ನು ಓದಲು ಈಗ ಅವಳಿಗೂ ಬರುತ್ತಿತ್ತು. ಮುಖ ಮುಚ್ಚಿಕೊಂಡಳು. "ಮತ್ತೆ ಹಾಳು ಮಾಡ್ದೆ" ಎಂದು ಅಷ್ಟೇ ಅಂದಳು.

ಆದರೆ ಮೇಷ್ಟ್ರು ಬಾಯಿ ಬಿಟ್ಟುಕೊಂಡು ಕಾಗದವನ್ನೇ ನೋಡುತ್ತಿದ್ದರು. ಮಲಗಿದ್ದಳು, ಎದ್ದಳು, ಕೆಲಸ ಹೆಚ್ಚಾಯಿತು! ತಾನು ಇಷ್ಟು ದಿನ ಸುಸ್ತನ್ನು ಅಳೆಯಲು ಹೊರಟದ್ದೇ ತಪ್ಪು, ಅಳೆಯಬೇಕಾದದ್ದು ವಿಶ್ರಾಂತಿಯನ್ನು. ಮುಂದಿನ ದಿನಗಳಲ್ಲಿ ಶಿಷ್ಯರನ್ನು ಮಲಗಿಸಿ ಎಳೆಸಿದರು, ಎಚ್ಚರವಾಗಿಯೇ ಇರಿಸಿ ಎಳೆಸಿದರು. ಎಲ್ಲ ಕಾಗದಗಳೂ ಒಂದೇ ಮಾತು ಹೇಳಿದವು. ಸಮಿತಿಯ ಮುಂದೆ ಅವನ್ನು ಹರಡಿ, ಅರ್ಧ ಗಂಟೆ ವಿಶ್ರಾಂತಿ ಕೊಟ್ಟರೆ ಕೆಲಸದವರು ಅದರ ಎರಡು ಪಟ್ಟು ತೀರಿಸುತ್ತಾರೆ ಎಂದು ತೋರಿಸಿಕೊಟ್ಟರು. ಲೋಕಕ್ಕೆ ಉಪಯೋಗ ಅಂದರೆ ಏನು ಎಂದು ಸಮಿತಿಗೆ ಆಗ ಅರ್ಥವಾಯಿತು. ಎರಡು ಕೋಣೆಗಳ ಬಾಗಿಲ ಮೇಲೆ ವಿಭಾಗದ ಹೆಸರಿನ ಹಲಗೆ ಬಂತು. ಮನಸ್ಸಿನ ಶಾಸ್ತ್ರಕ್ಕೆ ಆ ಕಾಲೇಜಿನಲ್ಲಿ ಮನೆ ಸಿಕ್ಕಿದ್ದು ಹೀಗೆ.

ಯಜಮಾನರಿಗೂ ಅರ್ಥವಾಯಿತು. ಅವರು ದಡ್ಡರೇನಲ್ಲ. ಅರ್ಧ ಗಂಟೆ ಕೊಟ್ಟರು. ಮೊದಲ ದಿನ ಚಾಪೆ ಹಾಸಿಕೊಂಡು ಹಜಾರದ ತುಂಬ ಹೆಂಗಸರು ಅಡ್ಡಾದಾಗ ಕೆಲವರಿಗೆ ಕಣ್ಣಲ್ಲಿ ನೀರು ಬಂತು. ವಟವಟ ಗಟ್ಟಿಗಿತ್ತಿಯ ಗಲ್ಲ ಹಿಡಿದು, "ನಿನ್ನ ನಿದ್ದೆಗೆ ನೂರು ವರ್ಷ ಆಯಸ್ಸಾಗ್ಲಿ ಕಣೇ" ಎಂದಳು. ತಂಗಿ ಮಲಗಿದವಳು ಏಳುವಾಗ ತುಟಿಗೆ ಬಣ್ಣ ಬಂದಿತ್ತು. ಅಕ್ಕ ಅದನ್ನೇ ನೋಡುತ್ತ, ತಾನು ಒಂದು ಗಳಿಗೆಯೂ ಕಣ್ಣು ಮುಚ್ಚಿರಲಿಲ್ಲ ಎಂಬುದನ್ನೇ ಮರೆತಿದ್ದಳು. ಆ ಒಂದು ವಾರ ಅವಳು ಸಂತೋಷವಾಗಿದ್ದಳು. ಅದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ಮುಂದಿನ ವಾರ ಬಟ್ಟೆಯ ಗುಡ್ಡ ದೊಡ್ಡದಾಯಿತು. ಯಾರೂ ಮೋಸ ಮಾಡಿರಲಿಲ್ಲ. ವಿಶ್ರಾಂತಿ ಕೊಟ್ಟರೆ ಕೆಲಸ ಹೆಚ್ಚುತ್ತದೆ ಎಂದು ವಿಜ್ಞಾನ ಹೇಳಿತ್ತು, ವಿಶ್ರಾಂತಿ ಕೊಟ್ಟಾಗಿತ್ತು, ಇನ್ನು ಹೆಚ್ಚಿದ ಕೆಲಸ ಎಲ್ಲಿ ಎಂದು ಯಜಮಾನರು ಕೇಳಿದರು. ಪ್ರತಿ ಮೇಜಿಗೂ ಹೊಸ ಪಾಲು ಹಂಚಿದರು. ಪಾಲು ಮುಗಿಸದವಳಿಗೆ ಲಾಂಡ್ರಿಯಲ್ಲಿ ಜಾಗವಿಲ್ಲ. ಗಟ್ಟಿ ಮೈಯವರು ಬೈದುಕೊಂಡು ಮುಗಿಸಿದರು. ತಂಗಿಗೆ ಹಳೆಯ ಪಾಲಾಗಿದ್ದರೆ ಆ ಅರ್ಧ ಗಂಟೆಯ ಬಲದ ಮೇಲೆ ಸಲೀಸಾಗಿ ಮುಗಿಯುತ್ತಿತ್ತು. ಹೊಸ ಪಾಲು ಮುಗಿಯುವಂತಿರಲಿಲ್ಲ. ಸಂಜೆ ಮೇಸ್ತ್ರಿ ಅವಳ ಮೇಜಿನ ಮೇಲೆ ಉಳಿದ ದಿಂಬಿನ ಚೀಲಗಳನ್ನು ಬೆರಳಲ್ಲಿ ತಟ್ಟಿ, "ನಾನೇನೂ ಮಾಡೋಕಾಗಲ್ಲ, ನೋಡಮ್ಮ" ಎಂದ.

ಮಾರನೆಯ ದಿನದಿಂದ ತಂಗಿಯ ಮೇಜಿನ ಮೇಲೆ ಸಂಜೆಗೆ ಒಂದು ಚೀಲವೂ ಉಳಿಯುತ್ತಿರಲಿಲ್ಲ. ಹೇಗೆ ಎಂದು ಮೇಸ್ತ್ರಿ ಕೇಳಲಿಲ್ಲ, ತಂಗಿಗೂ ಸರಿಯಾಗಿ ತಿಳಿಯಲಿಲ್ಲ. ಮಲಗಿ ಎದ್ದಾಗ ಗುಡ್ಡ ಅವಳಿಗೆ ಗೊತ್ತಾಗದಷ್ಟು ಕರಗಿರುತ್ತಿತ್ತು. ನನ್ನ ಕೈ ಈಗ ಚುರುಕಾಗಿದೆ ಅಲ್ವಾಕ್ಕ ಎಂದರೆ ಅಕ್ಕ ಹೂಂ ಅನ್ನುತ್ತಿದ್ದಳು. ಕೆಲಸದ ನಡುವೆ ಹೊಗಳಿದ ದನಿಯಲ್ಲಿ, ತಿರುಗಿ ನೋಡದೆ.

ಒಂದು ಮಧ್ಯಾಹ್ನ ಮೇಷ್ಟ್ರು ಬಂದರು. ತಮ್ಮ ಅರ್ಧ ಗಂಟೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವರಿಗೆ. ಬಾಗಿಲಲ್ಲೇ ಚಪ್ಪಲಿ ಕಳಚಿ, ಮಗು ಮಲಗಿದ ಮನೆಗೆ ಬಂದವರ ಹಾಗೆ ಸದ್ದಿಲ್ಲದೆ ಒಳಗೆ ಕಾಲಿಟ್ಟರು. ಹಜಾರದ ಉದ್ದಕ್ಕೂ ಚಾಪೆಗಳು, ಚಾಪೆಗಳ ಮೇಲೆ ಹೆಂಗಸರು. ಒಬ್ಬಳು ಗೊರಕೆ ಹೊಡೆಯುತ್ತಿದ್ದಳು, ಮಲಗಿದಾಗ ಮಾತ್ರ ವಟವಟಳ ಬಾಯಲ್ಲಿ ಮಾತಿರಲಿಲ್ಲ. ಮೇಷ್ಟ್ರ ಮುಖ ಅರಳಿತು. ತಮ್ಮ ಬದುಕಿನಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ ಎದುರಿಗೆ ಮಲಗಿದೆ ಅನ್ನಿಸಿರಬೇಕು. ಪಾಪ, ಯಾಕನ್ನಿಸಬಾರದು.

ಆಮೇಲೆ ಕೊನೆಯ ಸಾಲಿನಲ್ಲಿ ಯಾರೋ ನಿಂತಿರುವುದು ಕಂಡಿತು. ಗಟ್ಟಿಗಿತ್ತಿ ಕಾಲಬುಡದಲ್ಲಿ ಮಲಗಿದ್ದ ತಂಗಿಯನ್ನು ತುಳಿಯದ ಹಾಗೆ ಪಾದ ಅಗಲಿಸಿ ನಿಂತು, ಅವಳ ಮೇಜಿನ ಮೇಲಿನ ಚೀಲಗಳನ್ನು ಒಂದೊಂದಾಗಿ ತೀಡುತ್ತಿದ್ದಳು. ಸದ್ದಾಗದಿರಲೆಂದು ಪೆಟ್ಟಿಗೆಯನ್ನು ಕೆಳಗಿಡುವ ಪ್ರತಿ ಸಲವೂ ಅಡಿಗೆ ಮಡಿಸಿದ ಬಟ್ಟೆಯಿಟ್ಟು ಮೆಲ್ಲಗೆ ಇಡುತ್ತಿದ್ದಳು. ಈಗ ಅವಳೂ ಅದನ್ನು ಎರಡೂ ಕೈಯಲ್ಲಿ ಎತ್ತುತ್ತಿದ್ದಳು.

ಮೇಷ್ಟ್ರು ಬಹಳ ಹೊತ್ತು ನೋಡಿದರು. ಮೇಜಿನ ಮೇಲಿನ ಚೀಲಗಳನ್ನೂ, ನೆಲದ ಮೇಲಿನ ಹುಡುಗಿಯ ಊದಿದ ಕಾಲನ್ನೂ, ಮತ್ತೆ ಚೀಲಗಳನ್ನೂ ನೋಡಿದರು. ಅರಳಿದ್ದ ಮುಖ ಇಳಿದುಹೋಯಿತು. ಹತ್ತಿರ ಹೋಗಿ, ಏನು ಕೇಳಬೇಕೆಂದು ತೋಚದೆ, "ನೀವು ಮಲಗಲ್ವೇನಮ್ಮ? ನಿಮಗೆ ಸುಸ್ತಾಗಲ್ವಾ?" ಎಂದರು. ಗಾಬರಿಯಲ್ಲಿ ದನಿ ಸ್ವಲ್ಪ ಜೋರಾಯಿತು. ಕೆಳಗೆ ತಂಗಿ ಮಗ್ಗುಲಾದಳು.

ಗಟ್ಟಿಗಿತ್ತಿ ತಟ್ಟನೆ ತುಟಿಯ ಮೇಲೆ ಬೆರಳಿಟ್ಟಳು. ತಂಗಿಯ ಉಸಿರು ಮತ್ತೆ ನಿಧಾನವಾಗುವವರೆಗೂ ಕಾದಳು.

"ಆಗಿದೆ ಸಾರ್" ಎಂದಳು, ಉಸಿರಿನಷ್ಟೇ ಸಣ್ಣ ದನಿಯಲ್ಲಿ. "ತುಂಬಾ ಸುಸ್ತಾಗಿದೆ. ಸ್ವಲ್ಪ ಮೆಲ್ಲಗೆ ಮಾತಾಡಿ, ಅವಳಿಗೆ ಎಚ್ಚರ ಆಗತ್ತೆ."